ಹಿಂಬದಿಯ ಕಿಲುಬು

೨೦೧೧ರಲ್ಲಿ ನಾನು ಪೀಣ್ಯದ ಒಂದು ಸಣ್ಣ ಆಟೊಮೇಷನ್ ಸಂಸ್ಥೆಯಲ್ಲಿ ಸರ್ವಿಸ್ ಇಂಜಿನಿಯರ್ ಆಗಿದ್ದೆ. ಕಾರ್ಖಾನೆಗಳಿಗೆ ಕಂಟ್ರೋಲ್ ಪ್ಯಾನೆಲ್ ಮಾಡಿಕೊಡುವುದು, ಕೆಟ್ಟರೆ ಓಡಿಹೋಗಿ ನೋಡುವುದು ನಮ್ಮ ಕೆಲಸ. ಹದಿನಾಲ್ಕು ವರ್ಷ ಅದನ್ನೇ ಮಾಡಿ, ಪ್ಯಾನೆಲ್‌ನ ಮುಖ ನೋಡಿದರೆ ಸಾಕು ರೋಗ ತಿಳಿಯುತ್ತದೆ ಎಂಬ ಜಂಬ ನನಗೆ ಬಂದಿತ್ತು.

ಆ ವರ್ಷ ಒಂದು ಜಿಂಕ್ ಪ್ಲೇಟಿಂಗ್ ಘಟಕಕ್ಕೆ ನಾನೇ ವಿನ್ಯಾಸ ಮಾಡಿದ ಪ್ಯಾನೆಲ್ ಹಾಕಿದ್ದೆವು. ಬೋಲ್ಟು, ನಟ್ಟುಗಳನ್ನು ಆಸಿಡ್ ತೊಟ್ಟಿಯಲ್ಲಿ ಅದ್ದಿ ತುಕ್ಕು ತೆಗೆದು, ಆಮೇಲೆ ಸತುವಿನ ಲೇಪ ಕೊಡುವ ಜಾಗ ಅದು. ಒಳಗೆ ಕಾಲಿಟ್ಟರೆ ಗಂಟಲು ಕೆರೆಯುತ್ತದೆ. ಆ ಆವಿ ಪ್ಯಾನೆಲ್ ಒಳಗಿನ ತಾಮ್ರವನ್ನು ತಿನ್ನಬಾರದೆಂದು ಏರ್ ಪರ್ಜ್ ಕೊಟ್ಟಿದ್ದೆ. ಎಂದರೆ, ಕಂಪ್ರೆಸರ್‌ನಿಂದ ಕೊಳವೆ ಎಳೆದು ಪೆಟ್ಟಿಗೆಯೊಳಗೆ ಸದಾ ಗಾಳಿ ತುಂಬುತ್ತಿರುವ ವ್ಯವಸ್ಥೆ. ಒಳಗಿನ ಒತ್ತಡ ಸ್ವಲ್ಪ ಹೆಚ್ಚಿದ್ದರೆ ಹೊರಗಿನ ಆವಿ ನುಗ್ಗುವುದಿಲ್ಲ.

ಆದರೂ ನಾಲ್ಕೇ ತಿಂಗಳಿಗೆ ಪೆಟ್ಟಿಗೆಯ ಬಾಗಿಲಿಗೆ ಕೂರಿಸಿದ್ದ ಟಚ್‌ಸ್ಕ್ರೀನ್ ಕೆಟ್ಟಿತು. ಹೊಸದು ಹಾಕಿದೆವು. ಅದು ಮೂರು ತಿಂಗಳೂ ಬಾಳಲಿಲ್ಲ.

ಸ್ಕ್ರೀನ್ ನೋಡಿಕೊಳ್ಳುತ್ತಿದ್ದವರು ಗೌರಮ್ಮ. ರಾಜಗೋಪಾಲನಗರದಿಂದ ನಡೆದೇ ಬರುತ್ತಿದ್ದರು. ಹನ್ನೊಂದು ವರ್ಷ ತೊಟ್ಟಿಗಳ ಪಕ್ಕ ಬೋಲ್ಟು ತುಂಬಿ ಆಪರೇಟರ್ ಆದವರು. ಅಲ್ಲಿ ಆ ಕೆಲಸ ಸಿಕ್ಕ ಮೊದಲ ಹೆಂಗಸು. ಗಾಜಿನ ಮೇಲೆ ಅವರ ಕೈಗವಸಿನ ಕಂದು ಗುರುತುಗಳಿದ್ದವು. ನಾನು ಸರ್ವಿಸ್ ರಿಪೋರ್ಟಿನ ‘ಕಾರಣ’ದ ಕಾಲಮ್ಮಿನಲ್ಲಿ ‘ಆಪರೇಟರ್ ಮಿಸ್‌ಹ್ಯಾಂಡ್ಲಿಂಗ್’ ಎಂದು ಬರೆದು ಸಹಿ ಹಾಕಿದೆ. ನಮ್ಮ ವೃತ್ತಿಯಲ್ಲಿ ಇದೊಂದು ಚಾಳಿ. ಬೇರೆ ಕಾರಣ ಹೊಳೆಯದಿದ್ದರೆ ಆಪರೇಟರ್ ಇದ್ದೇ ಇರುತ್ತಾರೆ, ವಾರಂಟಿಯ ತಲೆನೋವೂ ತಪ್ಪುತ್ತದೆ.

ಘಟಕದ ಮಾಲೀಕ ಮಹಾಂತೇಶಪ್ಪ ದಾವಣಗೆರೆ ಕಡೆಯವರು. ಕೆಟ್ಟವರಲ್ಲ, ಆದರೆ ಕಾಗದವನ್ನು ನಂಬುವವರು. ಟೀ ಹೊತ್ತಿನಲ್ಲಿ ಎಲ್ಲರ ಮುಂದೆ ನನ್ನ ರಿಪೋರ್ಟ್ ಓದಿ, “ತಿಂಗಳ ಕೊನಿಗೆ ಬೇರೆ ಕಡೆ ಕೆಲಸ ನೋಡ್ಕಳಮ್ಮ” ಎಂದುಬಿಟ್ಟರಂತೆ.

ಎರಡು ದಿನ ಬಿಟ್ಟು ನಾನು ಮೂರನೆಯ ಸ್ಕ್ರೀನ್ ಕೂರಿಸಲು ಹೋದೆ. ಬಿಚ್ಚಿದ ಹಳೆಯದು ಮೇಜಿನ ಮೇಲೆ ಕವುಚಿ ಬಿದ್ದಿತ್ತು. ಗೌರಮ್ಮ ಬಂದು ಅದನ್ನೇ ನೋಡುತ್ತ ನಿಂತರು.

“ಸಾರ್, ನಾನು ಮುಟ್ಟೋದು ಮುಂದ್ಗಡೆ. ಕಿಲುಬು ಇಡ್ದಿರೋದು ಇಂದ್ಗಡೆ. ಆ ಪೆಟ್ಗೆ ಬೀಗದ ಕೈ ನಿಮ್ತಾವ ಐತೆ. ನನ್ ಕೈ ಅಲ್ಗೆ ಎಂಗೋಯ್ತದೆ?”

ಮುಂಬದಿಯಲ್ಲಿದ್ದದ್ದು ಬರೀ ಕಲೆ. ಹಿಂಬದಿಯ ಕನೆಕ್ಟರ್‌ಗಳೆಲ್ಲ ಹಸಿರುಗಟ್ಟಿದ್ದವು. ಅದು ನನ್ನ ಕಣ್ಣಿಗೂ ಬಿದ್ದಿತ್ತು; ಕೈಗವಸಿನ ಗುರುತು ಕಂಡ ಮೇಲೆ ಯೋಚಿಸುವ ಗೋಜಿಗೆ ಹೋಗಿರಲಿಲ್ಲ. ನಾಚಿಕೆಯಾಯಿತು.

ಮೂರು ತಾಮ್ರದ ಚೂರುಗಳನ್ನು ಫಳಫಳ ಹೊಳೆಯುವಂತೆ ಉಜ್ಜಿ, ಒಂದನ್ನು ಆಫೀಸಿನಲ್ಲಿ, ಒಂದನ್ನು ತೊಟ್ಟಿಯ ಪಕ್ಕದ ಕಂಬದ ಮೇಲೆ, ಇನ್ನೊಂದನ್ನು ಪ್ಯಾನೆಲ್ ಒಳಗೆ ಕಟ್ಟಿ ಬೀಗ ಹಾಕಿದೆ. ಹತ್ತು ದಿನ ಬಿಟ್ಟು ನೋಡಿದರೆ ಆಫೀಸಿನದು ಹಾಗೇ ಇತ್ತು. ತೊಟ್ಟಿ ಪಕ್ಕದ್ದು ಕಂದಾಗಿತ್ತು. ಪ್ಯಾನೆಲ್ ಒಳಗಿನದು ಪೂರ್ತಿ ಹಸಿರಾಗಿತ್ತು. ನಾನು ಕಾಪಾಡಿದ್ದೇನೆಂದುಕೊಂಡಿದ್ದ ಪೆಟ್ಟಿಗೆಯೊಳಗಿನ ಗಾಳಿ, ತೊಟ್ಟಿ ಪಕ್ಕದ ಗಾಳಿಗಿಂತ ಕೆಟ್ಟದಾಗಿತ್ತು.

ಗಾಳಿಯ ಕೊಳವೆಯ ಜಾಡು ಹಿಡಿದು ಗೋಡೆಯ ಆಚೆಗೆ ಹೋದೆ. ಕಂಪ್ರೆಸರ್ ಅಲ್ಲಿತ್ತು. ಅದರ ನೆತ್ತಿಯ ಮೇಲೆಯೇ ಶೆಡ್ಡಿನ ಎಕ್ಸಾಸ್ಟ್ ಫ್ಯಾನ್ ಆಸಿಡ್ ಆವಿಯನ್ನು ಹೊರಕ್ಕೆ ಊದುತ್ತಿತ್ತು. ಕಂಪ್ರೆಸರ್ ಅದನ್ನು ಹೀರಿ ನನ್ನ ಪ್ಯಾನೆಲ್‌ಗೆ ತುಂಬುತ್ತಿತ್ತು. ನಾನು ಹಾಕಿದ್ದ ಫಿಲ್ಟರ್ ಎಣ್ಣೆ, ನೀರನ್ನು ತಡೆಯುತ್ತಿತ್ತು, ಆಸಿಡ್ ಆವಿಯನ್ನಲ್ಲ. ಡ್ರಾಯಿಂಗ್‌ನಲ್ಲಿ ಕಂಪ್ರೆಸರ್ ಎಂದು ಒಂದು ಚೌಕ ಬರೆದಿದ್ದೆನೇ ಹೊರತು, ಅದು ಇರುವ ಜಾಗವನ್ನು ಒಮ್ಮೆಯೂ ನೋಡಿರಲಿಲ್ಲ.

ನಮ್ಮ ಮ್ಯಾನೇಜರ್‌ಗೆ ಹೇಳಿದೆ. “ತಪ್ಪು ನಮ್ದು ಅಂತ ಬರೆದುಕೊಟ್ರೆ ವಾರಂಟಿ ನಮ್ ತಲೆಗೇ ಬರತ್ತೆ ಕಣ್ರೀ. ಸುಮ್ನೆ ಪೈಪ್ ಬದಲಾಯಿಸಿ ಬಂದ್ಬಿಡಿ” ಎಂದರು. ಒಂದು ದಿನ ನಾನೂ ಹಾಗೇ ಮಾಡೋಣವೆಂದುಕೊಂಡೆ, ಸುಳ್ಳೇಕೆ ಹೇಳಲಿ. ಆದರೆ ತಿಂಗಳು ಮುಗಿಯಲು ಐದೇ ದಿನ ಉಳಿದಿತ್ತು. ಪೈಪ್ ಬದಲಾದರೆ ಸ್ಕ್ರೀನ್ ಉಳಿಯುತ್ತಿತ್ತು, ಗೌರಮ್ಮನ ಕೆಲಸ ಉಳಿಯುತ್ತಿರಲಿಲ್ಲ. ಮರುದಿನ ‘ಏರ್ ಲೈನ್ ವಿನ್ಯಾಸದ ದೋಷ, ಆಪರೇಟರ್ ತಪ್ಪಿಲ್ಲ’ ಎಂದು ಎಂದಿನಂತೆ ಇಂಗ್ಲಿಷಿನಲ್ಲಿ ಹೊಸ ರಿಪೋರ್ಟ್ ಬರೆದು ಮಹಾಂತೇಶಪ್ಪನವರ ಕೈಗಿಟ್ಟೆ.

ಅವರು ಎರಡು ಸಲ ಓದಿದರು. “ಇದನ್ನ ಮೊದ್ಲೇ ನೋಡ್ಬೇಕಿತ್ತಲ್ರೀ ನೀವು” ಎಂದಷ್ಟೇ ಹೇಳಿ ಗೌರಮ್ಮನನ್ನು ಕರೆಸಿದರು. ಕೆಲಸ ಬಿಡಬೇಕಾಗಿಲ್ಲ, ಸ್ಕ್ರೀನ್ ನೀನೇ ನೋಡಿಕೋ ಎಂದರು. ಆಕೆ ಖುಷಿಪಡುತ್ತಾರೆಂದು ನಾನು ಕಾದಿದ್ದೆ. ಆಕೆ ಕಾಗದ ತೆಗೆದುಕೊಂಡು ಮೇಲಿನಿಂದ ಕೆಳಗೆ ನೋಡಿದರು.

“ಇದೂ ಇಂಗ್ಲೀಸ್ನಾಗೇ ಐತೆ. ಮೊದ್ಲುದ್ದೂ ಅಂಗೇ ಇತ್ತು. ಅದ್ರಾಗೆ ಏನೈತೆ ಅಂತ ತಿಳೀದೇ ಎಲ್ರ ಮುಂದೆ ತಲೆ ತಗ್ಗಿಸ್ಕಂಡು ನಿಂತ್ಕಂಡೆ. ಇದನ್ನ ನಂಗೆ ಓದಕ್ ಬರಂಗೆ ಬರ್ಕೊಡಿ ಸಾರ್.”

ಅಲ್ಲೇ ಕುಳಿತು ನನ್ನ ವೃತ್ತಿಯ ಮೊದಲ ಕನ್ನಡ ರಿಪೋರ್ಟ್ ಬರೆದೆ. ಪರ್ಜ್‌ಗೆ ಪದ ಸಿಗದೆ ‘ಗಾಳಿ ತುಂಬುವ ಕೊಳವೆ’ ಎಂದು ಬರೆದೆ. ಕೊನೆಯಲ್ಲಿ ‘ಈ ಹಾನಿಗೆ ಗೌರಮ್ಮ ಕಾರಣರಲ್ಲ, ನಾನು’ ಎಂದು ಬರೆದು ಸಹಿ ಮಾಡಿದೆ. ಟೀ ಹೊತ್ತಿನಲ್ಲಿ ಆಕೆ ಅದನ್ನು ಎಲ್ಲರಿಗೂ ಕೇಳುವಂತೆ, ಅಕ್ಷರ ಕೂಡಿಸಿಕೊಂಡು, ನಿಧಾನವಾಗಿ ಓದಿದರು. ನನ್ನ ಹೆಸರನ್ನೂ ಬಿಡಲಿಲ್ಲ.

ಕಂಪ್ರೆಸರ್‌ಗೆ ಗಾಳಿಯನ್ನು ಎದುರು ದಿಕ್ಕಿನ ಛಾವಣಿಯಿಂದ ತಂದೆವು. ಆ ಮೂರನೆಯ ಸ್ಕ್ರೀನ್ ವರ್ಷಗಟ್ಟಲೆ ನಡೆಯಿತು. ಅಂದಿನಿಂದ ನಿವೃತ್ತನಾಗುವವರೆಗೂ, ಕಾರಣದ ಕಾಲಮ್ಮಿನಲ್ಲಿ ಒಬ್ಬ ಮನುಷ್ಯನ ತಪ್ಪೆಂದು ಬರೆಯಬೇಕಾದಾಗಲೆಲ್ಲ, ಸಹಿ ಹಾಕುವ ಮೊದಲು ಅವರಿಗೇ ಅದನ್ನು ಕನ್ನಡದಲ್ಲಿ ಓದಿ ಹೇಳುತ್ತಿದ್ದೆ. ಎಷ್ಟೋ ಸಲ, ಓದಿ, ಅವರ ಮಾತು ಕೇಳಿ ಮುಗಿಸುವಷ್ಟರಲ್ಲಿ ಕಾರಣವೇ ಬದಲಾಗಿರುತ್ತಿತ್ತು.