ಅಜ್ಜಿಯ ಕಣ್ಣಿಗೆ ಕುರಿ

ಎದುರುಮನೆ ಅಜ್ಜಿಯ ಪ್ರಕಾರ ನಮ್ಮ ಮನೆಯಲ್ಲಿದ್ದದ್ದು ನಾಯಿಯೇ ಅಲ್ಲ. ಪೂಡಲ್ ಕ್ರಾಸ್, ಮಿಶ್ರತಳಿ ನಾಯಿ ಎಂದು ನಾನೆಷ್ಟು ಹೇಳಿದರೂ ಅದರ ಗುಂಗುರು ಕೂದಲಲ್ಲಿ ಬೆರಳಾಡಿಸಿ, "ಯಾವನೋ ನಿಂಗೆ ಟೋಪಿ ಹಾಕವ್ನೆ ಕಣಮ್ಮ, ಇದು ಕುರಿ" ಎನ್ನುತ್ತಿದ್ದರು. ನಮ್ಮ ಕೋಗಿಲು ಬಡಾವಣೆ ಇನ್ನೂ ಹಳ್ಳಿಯಾಗಿದ್ದಾಗ ಕುರಿಮಂದೆ ಸಾಕಿದವರು ಅವರು. ಅವರ ಹತ್ತಿರ ವಾದ ಮಾಡುವುದುಂಟೇ? ದಿನಾ ಬೆಳಿಗ್ಗೆ ನಮ್ಮ ಗೇಟಿನ ಸಂದಿಯಲ್ಲಿ ಒಂದು ಹಿಡಿ ಗರಿಕೆ ತೂರಿಸುತ್ತಿದ್ದರು. ನಮ್ಮ ಮಾನಗೆಟ್ಟ ನಾಯಿ ಬಾಲ ಅಲ್ಲಾಡಿಸುತ್ತಾ ಅದನ್ನು ತಿನ್ನುತ್ತಿತ್ತು.

ದಿನಾ ಬಾಚಬೇಕಾದ ಕೂದಲನ್ನು ನಾನು ಸೋಮಾರಿತನದಿಂದ ಹಾಗೇ ಬಿಟ್ಟೆ. ಗಂಟುಕಟ್ಟಿ, ಒಳಗೆ ಚರ್ಮ ಹುಣ್ಣಾಯಿತು. ನಾಯಿಗಳ ಕೂದಲು ಕತ್ತರಿಸುವ ಗ್ರೂಮಿಂಗ್‌ನವಳು ಮುಟ್ಟಿದರೆ ಕಚ್ಚಲು ಹೋಗುತ್ತಿತ್ತು. ಅಜ್ಜಿ ಅಟ್ಟದಿಂದ ಹಳೇ ಉಣ್ಣೆ ಕತ್ತರಿ ಇಳಿಸಿ, ನಾಯಿಯನ್ನು ಮಂಡಿಗಳ ನಡುವೆ ಕೆಡವಿಕೊಂಡರು. "ಇಂಗಾ ಕುರಿ ಸಾಕೋದು? ನಾಚ್ಕೆ ಆಗಲ್ವಾ ನಿಂಗೆ?" ಎಂದು ನನ್ನನ್ನು ಬೈಯುತ್ತಲೇ, ಒಂದು ಗೀರೂ ಆಗದಂತೆ ಇಡೀ ಮೈ ಬೋಳಿಸಿದರು. ಕಚ್ಚುವ ನಾಯಿ ತುಟಿಪಿಟಕ್ಕೆನ್ನಲಿಲ್ಲ.

ಕೂದಲ ರಾಶಿಯಿಂದ ಎದ್ದು ನಿಂತ ಬಡಕಲು ಪ್ರಾಣಿಯನ್ನು ನೋಡಿ ಅಜ್ಜಿಯ ಮುಖ ಚಿಕ್ಕದಾಯಿತು.

"ಥೂ, ನಾಯೀನೇ ಕಣಮ್ಮ ಇದು!"

ಮಾರನೇ ದಿನದಿಂದ ಗರಿಕೆ ನಿಂತಿತು.

ಮೂರು ತಿಂಗಳಲ್ಲಿ ಕೂದಲು ಮತ್ತೆ ಗುಂಗುರಾಯಿತು. ಒಂದು ಬೆಳಿಗ್ಗೆ ಗೇಟಿನ ಸಂದಿಯಲ್ಲಿ ಹಸಿ ಗರಿಕೆ, ಅದರಾಚೆ ಅಜ್ಜಿ.

"ನಾ ಏಳ್ಲಿಲ್ವಾ, ಕುರಿ ಅಂತ?"