ಸಿಪಿಯುಗೆ ಹೊಲಿದ ಅಂಗಿ

"ಅಕ್ಕೋರೆ, ಮತ್ತ ಬಂದ್ ಬಿತ್ತೇನ್ರಿ?"

ಬಿತ್ತು. ನಾಲ್ಕನೇ ಸಲ. ಶರಣಪ್ಪ ಕಾಕಾನ ಫೋನಿಗೆ ಓಟಿಪಿ ಬಂದು, ಅವರು ಕನ್ನಡಕ ಏರಿಸಿ ಒಂದೊಂದೇ ಅಂಕಿ ಓದಿ, ನಾನು ಟೈಪ್ ಮಾಡಿ, ಇನ್ನೇನು ಸಬ್ಮಿಟ್ ಒತ್ತಬೇಕು, ಅಷ್ಟರಲ್ಲಿ ನನ್ನ ಕಂಪ್ಯೂಟರ್ ಟಪ್ ಎಂದು ಆಫ್!

ಕಾಕಾ ನಮ್ಮ ಓಣಿಯ ಹಿಂದಿನ ಯಾರ್ಡಿನಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲು ಪಾಲಿಶ್ ಮಾಡುವವರು. ವರ್ಷದಿಂದ ಕೆಮ್ಮು. ಈಗ ನಮ್ಮ ಮನೆಯ ಮೂರು ಮೆಟ್ಟಿಲು ಹತ್ತಿದರೂ ಏದುಸಿರು. ಕಲ್ಲಿನ ಕೆಲಸದವರಿಗೆ ಎದೆಯ ತಪಾಸಣೆ, ಚಿಕಿತ್ಸೆ ಎರಡೂ ಪುಕ್ಕಟೆ ಎಂದು ಪ್ರಕಟಣೆ ಬಂದಿತ್ತು. ಅರ್ಜಿ ಆನ್‌ಲೈನ್. ಶನಿವಾರ ಕೊನೆಯ ದಿನ. (ಆನ್‌ಲೈನ್ ಸೆಂಟರ್‌ಗೆ ಹೋಗಬಹುದಿತ್ತಲ್ಲ ಎನ್ನಬೇಡಿ. ಅಲ್ಲಿ ಪಾಳಿ ಹಚ್ಚಿ ನಿಂತರೆ ಆ ದಿನದ ಕೆಲಸ ಹೋದಂತೆಯೇ.) "ನಾ ಇದ್ದೀನಿ ಬರ್ರಿ ಕಾಕಾ" ಎಂದು ಜಂಬದಿಂದ ಕರೆದವಳು ನಾನೇ.

ರಿಪೇರಿಯವರನ್ನು ಕರೆಸಲಿಲ್ಲವೆ? ಕರೆಸಿದೆ. ಮೊದಲನೆಯವನು "ವೈರಸ್ ಬಂದದ" ಎಂದು ಫಾರ್ಮ್ಯಾಟ್ ಹೊಡೆದ. ನನ್ನ ಇಷ್ಟು ವರ್ಷಗಳ ಪ್ರಶ್ನೆಪತ್ರಿಕೆಗಳು ಅಳಿಸಿ ಹೋದವು, ಕಾಯಿಲೆ ಅಲ್ಲೇ ಉಳಿಯಿತು. ಎರಡನೆಯವನು "ನಿಮ್ಮ ಮನಿ ಕರೆಂಟೇ ಸರಿ ಇಲ್ರಿ" ಎಂದು ಯುಪಿಎಸ್ ಕೊಡಿಸಿದ. ಅದು ಪಕ್ಕದಲ್ಲಿ ಕುಯ್ ಕುಯ್ ಅನ್ನುತ್ತ ಕೂತಿದ್ದಾಗಲೇ ಕಂಪ್ಯೂಟರ್ ಬಂದ್. ಮೂರನೆಯವನಿಗೆ ಬರಲೂ ಪುರುಸೊತ್ತಿಲ್ಲ. ಫೋನಿನಲ್ಲೇ ತೀರ್ಪು: "ಭಾಳ ಹಳೇದಾಗ್ಯದ, ಒಗದು ಹೊಸಾದು ತಗೋರಿ."

ಒಬ್ಬನಾದರೂ ಸ್ಕ್ರೂ ಬಿಚ್ಚಿ ಒಳಗೇನಿದೆ ಎಂದು ನೋಡಿದನೇ?

"ನಮ್ಮ ಡಾಕ್ಟ್ರೂ ಹಿಂಗೇ ಅಕ್ಕೋರೆ," ಅಂದರು ಕಾಕಾ. "ಎದಿಗೆ ಕೈ ಹಚ್ಚಂಗಿಲ್ಲ, ಸಿರಪ್ ಬರದು ಕೊಟ್ಟು ಕಳಸ್ತಾರ."

ಕೊನೆಗೆ ನಾನು ಫೋನ್ ಮಾಡಿದ್ದಕ್ಕೆ ಶುಕ್ರವಾರ ಸಂಜೆ ಪಕ್ಕದೂರು ವಾಡಿಯಿಂದ ರಿಹಾನಾ ಬಂದಳು. ನನ್ನ ಹಳೆಯ ವಿದ್ಯಾರ್ಥಿನಿ, ಈಗ ಕಂಪ್ಯೂಟರ್ ರಿಪೇರಿಯ ಸ್ವಂತ ಅಂಗಡಿ ಇಟ್ಟಿದ್ದಾಳೆ. ಸ್ವಿಚ್ ಕೂಡ ಹಾಕಲಿಲ್ಲ. ಸಿಪಿಯು ನೋಡಿದವಳೇ ಸೊಂಟದ ಮೇಲೆ ಕೈ ಇಟ್ಟು ನಿಂತಳು.

"ಟೀಚರ್, ಇದಕ್ಯಾಕ ಅಂಗಿ ತೊಡಿಸೀರಿ?"

ಹಳೆಯ ಸೀರೆಯಲ್ಲಿ ನಾನೇ ಹೊಲಿದ ಕವರ್ ಅದು. ನಮ್ಮ ಶಹಾಬಾದದಲ್ಲಿ ಯಾರ ಮನೆಗಾದರೂ ಹೋಗಿ, ಮಿಕ್ಸರ್‌ಗೆ ಅಂಗಿ, ಫ್ರಿಜ್‌ಗೆ ಅಂಗಿ, ಟೀವಿಗೆ ಅಂಗಿ. ಬೆಳಿಗ್ಗೆ ಒರೆಸಿದ ಟೇಬಲ್ ಮೇಲೆ ಮಧ್ಯಾಹ್ನ ಬೆರಳಿನಿಂದ ಹೆಸರು ಬರೆಯಬಹುದಾದ ಊರಿನಲ್ಲಿ ಇನ್ನೇನು ಮಾಡುವುದು? ಸಿಪಿಯುನ ಬಟನ್ ಒಂದಕ್ಕೆ ಕಿಂಡಿ ಬಿಟ್ಟು ಹಿಂದೆ ಮುಂದೆ ಎಲ್ಲ ಮುಚ್ಚಿದ್ದೆ. ಮೆಷಿನ್ ಓಡುವಾಗಲೂ ಅಂಗಿ ತೆಗೆಯುತ್ತಿರಲಿಲ್ಲ. ಕಾಳಜಿ ನೋಡಿ!

ರಿಹಾನಾ ಡಬ್ಬಿ ಬಿಚ್ಚಿದಳು. ಫ್ಯಾನಿನ ಕೆಳಗೆ ಕಲ್ಲಿನ ಧೂಳು ರೊಟ್ಟಿಯಷ್ಟು ದಪ್ಪ ಕೂತಿತ್ತು. ಬಟ್ಟೆ ಧೂಳನ್ನು ತಡೆದಿರಲಿಲ್ಲ, ಗಾಳಿಯನ್ನು ಮಾತ್ರ ತಡೆದಿತ್ತು.

"ಉಸಿರಾಡ್ಲಾಕ ಜಾಗಾನೇ ಇಲ್ಲರಿ ಇದಕ್ಕ. ಕಾದು ಕಾದು, ಜೀವ ಉಳಿಸ್ಕೊಳ್ಳಾಕ ತಾನೇ ಬಂದ್ ಬೀಳಾಕತ್ತದ."

ಅಂಗಳಕ್ಕೆ ಒಯ್ದು ಬ್ರಶ್, ಬ್ಲೋವರ್ ಹಿಡಿದಳು. ಅರ್ಧ ಗಂಟೆಯ ಕೆಲಸ, ಅಷ್ಟೇ. ಕಾಕಾನಿಗೆ ಹೇಳಿ ಕಳಿಸಿದೆ. ಓಟಿಪಿ ಬಂತು, ಸಬ್ಮಿಟ್ ಒತ್ತಿದೆ, ಅರ್ಜಿ ಹೋಯಿತು. ನನಗೆ ಕುಣಿಯುವಷ್ಟು ಖುಷಿ.

"ಮೂರು ತಿಂಗಳಿಗೊಮ್ಮಿ ಬಿಚ್ಚಿ ಧೂಳ ತೆಗಸ್ರಿ," ಎಂದು ರಿಹಾನಾ ತಾಕೀತು ಮಾಡುತ್ತಿದ್ದಳು. ಕಾಕಾ ಮಾತ್ರ ಅಂಗಳದ ಬಿಳಿ ಗುಪ್ಪೆಯನ್ನೇ ನೋಡುತ್ತಿದ್ದರು.

"ಇದು ನಮ್ಮ ಯಾರ್ಡಿನ ಧೂಳ ಅಕ್ಕೋರೆ. ಗ್ವಾಡಿ ದಾಟಿ ಬಂದು ಇಲ್ಲೇ ಇಷ್ಟು ಕುಂತದಂದ್ರ, ನನ್ನೊಳಗ ಎಷ್ಟು ಕುಂತಿರಬೇಕ್ರಿ?"

ನನ್ನ ಖುಷಿ ಅಲ್ಲೇ ಇಳಿಯಿತು. ಒಂದು ಡಬ್ಬಿಗಾಗಿ ಮೂವರ ಹಿಂದೆ ಅಲೆದವಳು ನಾನು. ವರ್ಷದಿಂದ ಕೇಳುತ್ತಿದ್ದ ಕೆಮ್ಮಿಗೆ "ಬಿಸಿನೀರು ಕುಡೀರಿ ಕಾಕಾ" ಎಂದದ್ದು ಬಿಟ್ಟರೆ ಏನು ಮಾಡಿದ್ದೆ? ನಾಚಿಕೆಯಾಯಿತು.

ಹೋದ ವರ್ಷ ಮೆಟ್ಟಿಲಿಗೆ ಕಲ್ಲು ಕೊಳ್ಳಲು ಆ ಯಾರ್ಡಿಗೆ ಹೋಗಿದ್ದೆ. ಆಫೀಸೆಂದರೆ ಗಾಜಿನ ಕೋಣೆ, ಒಳಗೆ ಏಸಿ. "ಚಪ್ಪಲಿ ಹೊರಗ ಬಿಡ್ರಿ, ಕಂಪ್ಯೂಟರ್‌ಗೆ ಧೂಳ ಆಗಂಗಿಲ್ಲ" ಎಂದಿದ್ದರು ಮಾಲೀಕರು. ಗಾಜಿನಾಚೆ ಹತ್ತು ಹೆಜ್ಜೆ ದೂರದಲ್ಲಿ ಕಾಕಾ ಮೂಗಿಗೆ ಟವೆಲ್ ಸುತ್ತಿಕೊಂಡು ಕಲ್ಲು ಉಜ್ಜುತ್ತಿದ್ದರು.

ತಪಾಸಣೆಯ ದಿನ ಆಮೇಲೆ ತಿಳಿಸುತ್ತಾರಂತೆ. ಸೋಮವಾರ ಕಾಕಾ ಮತ್ತೆ ಅದೇ ಯಂತ್ರದ ಮುಂದೆ, ಅದೇ ಟವೆಲ್ ಸುತ್ತಿಕೊಂಡು.

ಮಾಲೀಕರೇ, ಧೂಳು ಯಾರಿಗೆ ಆಗುವುದಿಲ್ಲ ಅಂದಿರಿ?