ಗಾಳಿ ಅಳಿಸಿದ ಜಾಡು

ಹಮೀದಾಕ, ಆ ದಾರಿ ಇತ್ತು. ನಾನು ನೋಡಿದ್ದೆ. ಇಲ್ಲವೆಂದು ವರದಿ ಕೊಟ್ಟವನೂ ನಾನೇ.

ಕೊಲ್ಲಿ ನಾಡಿನ ರುವೈಸ್ ಬಂದರಿನ ಕಡೆಗೆ ಗಂಧಕ ಸಾಗಿಸುವ ರೈಲುಹಳಿ ಮರಳುಗಾಡಿನಲ್ಲಿ ಬರುತ್ತಿದ್ದ ಕಾಲ. ನಾನು ಗುತ್ತಿಗೆ ಕಂಪನಿಯೊಂದರ ಸರ್ವೇಯರ್. ಹಳಿಯ ಎರಡೂ ಬದಿಗೆ ಬೇಲಿ ಬೀಳುತ್ತದೆ. ಆದ್ದರಿಂದ ಜನರೂ ಒಂಟೆಗಳೂ ದಾಟುವ ಕಡೆ ಅಂಡರ್‌ಪಾಸ್ ಕೊಡಬೇಕಿತ್ತು. ಮರಳಿನ ಮೇಲೆ ಜಾಡು ಕಂಡಲ್ಲಿ ಫೋಟೊ ತೆಗೆದು ನಕ್ಷೆಯಲ್ಲಿ ಗುರುತು ಹಾಕುವುದು ನನ್ನ ಕೆಲಸ. ಜಾಡಿಲ್ಲವೆಂದರೆ ದಾರಿಯಿಲ್ಲ.

ನೀವು ನೋಡಿಕೊಳ್ಳುತ್ತಿದ್ದ ಸೌತೆ, ಟೊಮೆಟೊ ತೋಟ ಹಳಿಯ ಆಚೆ. ಆಳುಗಳ ಕೋಣೆಗಳು, ನಿಮ್ಮ ಚಹಾದಂಗಡಿ, ಡಾಂಬರು ರಸ್ತೆ ಈಚೆ. ಶುಕ್ರವಾರ ಸುತ್ತಲಿನ ತೋಟದವರೆಲ್ಲ ಅಲ್ಲಿ ಸೇರುತ್ತಿದ್ದರು — ಊರೆಂದು ಕರೆಯಬಹುದಾದ ಏನೋ ಒಂದು ಅಲ್ಲಿ ಹುಟ್ಟುತ್ತಿತ್ತು.

ನನ್ನ ಗಾಡಿ ಮರಳಿನಲ್ಲಿ ಹೂತಾಗ ಪಿಕಪ್ ತಂದು ಎಳೆದವರು ನೀವು. ಆಮೇಲೆ ಅಂಗಡಿಯಲ್ಲಿ, ನನ್ನ ಕೈಕೆಳಗಿನವರ ಎದುರೇ ಹೇಳಿದಿರಿ: “ಎಂತ ಪೊರ್ಬುಗಳೇ, ರೈಲು ಬರುವ ಮೊದಲೇ ಹಳಿ ತಪ್ಪಿದ್ರಲ್ಲ ಮಾರಾಯ್ರೆ?”

ಊರಲ್ಲಿ ನಮ್ಮ ಕ್ರೈಸ್ತರನ್ನು ಎಲ್ಲರೂ ಹಾಗೆಯೇ ಕರೆಯುತ್ತಾರೆ. ಆ ದಿನ ನಿಮ್ಮ ಬಾಯಲ್ಲಿ ಅದು — ನಕ್ಕವರಲ್ಲಿ ನನ್ನ ಡ್ರೈವರನೂ ಇದ್ದ. ಆಮೇಲೆ ನಾನು ಬಂದಾಗಲೆಲ್ಲ ಅಂಗಡಿಯಲ್ಲಿ ಯಾರೋ ರೈಲಿನಂತೆ ಸಿಳ್ಳೆ ಹಾಕುತ್ತಿದ್ದರು. ನೀವು ತಡೆಯಲಿಲ್ಲ.

ಮುಂದೆ ಶಮಾಲ್ ಗಾಳಿ ಬೀಸಿತು. ಅದು ನಿಂತ ಬೆಳಿಗ್ಗೆ, ನಿಮ್ಮ ಪಿಕಪ್ ತೋಟಕ್ಕೆ ಹೊರಡುವ ಮೊದಲೇ ನಾನು ಆ ದಾರಿಗೆ ಹೋದೆ. ಮರಳು ಒರೆಸಿಟ್ಟ ಹಾಗಿತ್ತು. ಫೋಟೊ ತೆಗೆದೆ. ಕ್ಯಾಮೆರಾಕ್ಕೆ ಕಂಡದ್ದನ್ನೇ ಕೊಟ್ಟೆನಲ್ಲ, ಇದರಲ್ಲಿ ಸುಳ್ಳೆಲ್ಲಿದೆ ಎಂದು ಆಗ ನನಗೆ ನಾನೇ — ಬೇಡ. ಕಾದುಕೊಂಡಿದ್ದೆ ಆ ಗಾಳಿಗೆ.

ಅಂಡರ್‌ಪಾಸ್ ಬಹುದೂರದ ಬೇರೆ ತೋಟಗಳ ಪಾಲಾಯಿತು. ಬೇಲಿ ಬೀಳುವ ಹೊತ್ತಿಗೆ ನೀವು ನಗರಕ್ಕೆ, ರೀಮ್ ಐಲ್ಯಾಂಡಿನ ನಮ್ಮ ಆಫೀಸಿಗೆ ಬಂದಿರಿ. ಕೂರಿ ಎನ್ನಲಿಲ್ಲ ನಾನು.

“ದಾರಿ ಉಂಟು ಅಂತ ಒಂದು ಮಾತು ಹೇಳಿ, ಸಾಕು. ಸುತ್ತು ಹಾಕಿ ನಡೆಸ್ಲಿಕ್ಕೆ ಆಗುದಿಲ್ಲ, ತೋಟ ಮುಚ್ತೇನೆ ಅಂತಾನೆ ನಮ್ಮ ಧಣಿ, ಆ ಅರ್ಬಾಬ್.”

“ಮಾಫಿ, ಹಮೀದ್. ಜಾಡು ಇಲ್ಲ. ಖಲಾಸ್.”

ಹಿರಿಯರಿಗೆ ಸೇರಿಸುವ ‘ಆಕ’ ಬಿಟ್ಟು ಬರಿಯ ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಬೇಕೆಂದೇ ಕರೆದೆ.

ನೀವು ಕೇಳಿದಿರಿ: “ಹಾಗಾದ್ರೆ ಅವತ್ತು ನಾನು ನಿಮ್ಮ ಗಾಡಿ ಹತ್ರ ಯಾವ ದಾರಿಯಲ್ಲಿ ಬಂದದ್ದು, ಪೊರ್ಬುಗಳೇ?”

ನಾನು ಕಂಪ್ಯೂಟರಿನತ್ತ ತಿರುಗಿದೆ.

ತೋಟ ಒಣಗಿತು. ಆಳುಗಳು ಚದುರಿದರು. ನಿಮ್ಮ ವೀಸಾ ಕ್ಯಾನ್ಸಲ್ ಆಯಿತೆಂದು ಯಾರೋ ಹೇಳಿದರು. ಎಲ್ಲಿಗೆ ಹೋದಿರೆಂದು ನಾನು ಕೇಳಲಿಲ್ಲ. ಅಂಡರ್‌ಪಾಸ್ ಬಂದ ಕಡೆ ಹೊಸ ತೋಟಗಳು, ಅಂಗಡಿಗಳು ಎದ್ದವು. ಅಲ್ಲಿ ಊರು ಮೊದಲಿನಿಂದಲೂ ಇತ್ತೆಂಬಂತೆ ಜನ ಮಾತನಾಡುತ್ತಾರೆ. ನಾನೂ ಅಲ್ಲಿ ಚಹಾ ಕುಡಿದಿದ್ದೇನೆ.

ನಿಮ್ಮ ಮೇಲಿನ ಸಿಟ್ಟು ಇನ್ನೂ ಪೂರ್ತಿ ಹೋಗಿಲ್ಲ, ಅದನ್ನೂ ಮುಚ್ಚಿಡುವುದಿಲ್ಲ. ಆದರೆ ನಿಮ್ಮ ಪ್ರಶ್ನೆಗೆ ಉತ್ತರ ಬಾಕಿಯಿದೆ. ನಿಮ್ಮ ಅಂಗಡಿಯ ಹಿಂದಿನಿಂದ, ಒಂಟಿ ಗಾಫ್ ಮರದ ಬಲಕ್ಕೆ, ದಿಬ್ಬ ಬಳಸಿ ನೇರ ತೋಟಕ್ಕೆ — ಆ ದಾರಿಯಲ್ಲೇ ಬಂದಿರಿ. ಗಾಡಿ ಹೂತ ದಿನ ಬಿಸಿಲಲ್ಲಿ ನಿಂತು, ಯಾರಾದರೂ ಬರಲಿ ಎಂದು ನಾನು ಕಣ್ಣಿಟ್ಟು ಕಾದದ್ದು ಅದೇ ದಾರಿಯನ್ನು.